ಸರದಿ

ಹಾಸನದ ಡೇರಿಯ ಹಿಂಬದಿ ಕೋಣೆಯಲ್ಲಿ
ಹದಿನಾರು ಡಿಸ್ಕು, ಒಂದೇ ಉಂಗುರ.
ಒಂದು ಮಾತಾಡಿದರೆ ಹದಿನೈದು
ಬಾಯಿಮುಚ್ಚಿ ಕೂತಿರಬೇಕು.

ಬೆಳಗಿನ ಐದಕ್ಕೆ ಸೊಸೈಟಿಗಳ ಲೆಕ್ಕ:
ದುದ್ದ, ಶಾಂತಿಗ್ರಾಮ, ಕಟ್ಟಾಯ;
ಲೀಟರು, ಡಿಗ್ರಿ, ಫ್ಯಾಟು.
ಹಾಲು ಬಂದು ತಣ್ಣಗಾದರೂ
ಅದರ ಅಂಕಿ ಇನ್ನೂ ದಾರಿಯಲ್ಲಿ.

‘ದಪ್ಪ ತಂತಿ ಹಾಕಿ’ ಅಂದರು ಮ್ಯಾನೇಜರು.
ತಂತಿ ಸಣ್ಣದಲ್ಲ ಸಾರ್, ಸರದಿ ಉದ್ದ.

ಕ್ಯಾನ್ ತೊಳೆಯುವ ರೇಚಣ್ಣ ಬಾಗಿಲಲ್ಲೇ ನಿಂತು:
‘ನಮ್ ಬೀದೀಲಿ ಒಂದೇ ನಲ್ಲಿ ಇದ್ದಾಗ್ಲೂ ಹಿಂಗೇಯ.
ನೀರು ಜಾಸ್ತಿ ಬಿಟ್ರೂ ಜಗಳ ನಿಲ್ನಿಲ್ಲ,
ಇನ್ನೊಂದು ನಲ್ಲಿ ಬಂದ್ಮೇಲೆ ನಿಂತ್ಕಂತು.’

ರಾತ್ರಿ ಉಂಗುರ ಕತ್ತರಿಸಿ ನಾಲ್ಕು ಮಾಡಿದೆ,
ನಡುವೆ ಒಂದು ಸ್ವಿಚ್ಚು.
ಐದಕ್ಕೆ ಹಸಿರು ದೀಪಗಳು
ನಾಲ್ಕೂ ಕಡೆ ಒಟ್ಟಿಗೆ ಮಿಟುಕಿದವು.

ಹನ್ನೊಂದನೇ ಡಿಸ್ಕು ಮಾತ್ರ
ಅಭ್ಯಾಸಬಲದಿಂದ
ಒಂದು ಕ್ಷಣ ಸುಮ್ಮನಿತ್ತು,
ಯಾರದೋ ಮಾತು ಮುಗಿಯಲೆಂದು.