ಬಚ್ಚಲ ಕುಲುಮೆ

ಸೋಲಾರ್ ಬಂದ ವರ್ಷ ಹಂಡೆಯನ್ನು ತೂಕಕ್ಕೆ ಹಾಕಿದೆವು.
ಒಲೆ ಮಾತ್ರ ಉಳಿಯಿತು, ಬಾಯಿ ತೆರೆದುಕೊಂಡು:
ಒಳಗೆ ಮೋಟು ಪೊರಕೆ, ಒಡಕು ಬಕೆಟ್ಟು,
ಬೆಕ್ಕು ಎರಡು ಸಲ ಮರಿ ಹಾಕಿದ ಬೂದಿ.

ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ
ದಿನಕ್ಕೆ ಮೂವತ್ತು ಕೆ.ಜಿ. ಈರುಳ್ಳಿ ಹೆಚ್ಚಿದವಳು ನಾನು.
ಟೆಂಡರಿನಲ್ಲಿ ಬರುತ್ತಿದ್ದ ಚಾಕು ಕಂಡರೆ
ಕುಂಬಳಕಾಯಿಗೂ ನಗು.
ನನ್ನ ತೋರುಬೆರಳಿನ ಜಡ್ಡೇ
ಆ ಕೋಣೆಯಲ್ಲಿದ್ದ ಗಟ್ಟಿ ಸಾಮಾನು.
ರಿಟೈರಾದ ದಿನ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು.
ಒಂದು ಒಳ್ಳೆ ಚಾಕು ಕೊಡಿ ಅಂತ
ಭಾಷಣದ ನಡುವೆ ಹೇಗೆ ಕೇಳುವುದು?

ಅದಕ್ಕೇ ಈ ಒಲೆ.

ಮಂಡಿ ಮೊಹಲ್ಲಾದ ಗುಜರಿಯಲ್ಲಿ ಇಬಾದುಲ್ಲಾ ಸಾಬರು
ಲಾರಿಯ ಪಟ್ಟಾ, ಸವೆದ ಅರ, ಯಾವುದೋ ಬಾಗಿಲ ಸರಳು
ಒಂದೊಂದನ್ನೇ ತಿರುಗುವ ಕಲ್ಲಿಗೆ ತಾಕಿಸಿ ತೋರಿಸಿದರು:
‘ಈ ಕಿಡಿ ಉದ್ದಕ್ಕೆ ಹೋಗಿ ಸುಮ್ಮನಾಗುತ್ತೆ, ಬರೀ ಕಬ್ಬಿಣ.
ಇದು ನೋಡಿ ಅಮ್ಮ, ತುದೀಲಿ ಹೂ ಬಿಡುತ್ತೆ. ಉಕ್ಕು.’
ಸುರುಸುರುಬತ್ತಿ ಮುಂದಿನ ಮಗುವಿನ ಹಾಗೆ ನಿಂತು
ಹೂ ಬಿಟ್ಟದ್ದನ್ನೇ ಆರಿಸಿ ತಂದೆ.

ಅಡಿಗಲ್ಲಿಗೆ ಒಂದೂವರೆ ಅಡಿ ರೈಲು ಕಂಬಿ.
ಅಶೋಕಪುರಂ ಕಡೆಯಿಂದ ಬಂತು, ಯಾರಿಂದ ಅಂತ ಕೇಳಬೇಡಿ.
ಹುಣಸೆ ಕೊರಡಿಗೆ ಅದನ್ನು ಬಿಗಿದು
ಬಡಿದಾಗ ಗೋಳಾಡದಿರಲಿ ಅಂತ ಸುತ್ತ ಮರಳು.
ತಿದಿಗೆ, ಮಗಳು ಬಿಟ್ಟುಹೋದ ಹೇರ್ ಡ್ರೈಯರು,
ಕೂದಲಿಗಿಂತ ಇದ್ದಿಲಿಗೇ ಚೆನ್ನಾಗಿ ಒಪ್ಪಿತು.
ಗ್ರಾಚ್ಯುಟಿಯಲ್ಲಿ ಕೊಂಡದ್ದು ಒಂದೇ: ಆರಿಂಚಿನ ವೈಸು.
‘ಬಳೆ ಮಾಡಿಸಿಕೋಬಾರದಿತ್ತೆ’ ಅಂದರು ಮನೆಯವರು.
ಇದೂ ಕೈಗೇ, ಅಂದೆ.

ಕೆಟ್ಟ ರೇಡಿಯೋದ ಹೊಟ್ಟೆಯಿಂದ ಅಯಸ್ಕಾಂತ,
ಕೆತ್ತನೆ ಅಂಗಡಿಯವರು ಗುಡಿಸಿ ಎಸೆದ ಬೀಟೆ ಚೂರು,
ನೈಲಾನ್ ಸೀರೆಗೆ ಬಚ್ಚಲ ಹೊಸ್ತಿಲು ನಿಷಿದ್ಧ.

ಎಲ್ಲ ಜೋಡಿಸಿ, ಕಡಕೊಳದ ಕೆಂಡಗಣ್ಣಾಚಾರಿಯನ್ನು ಕರೆಸಿದೆ.
ಎಪ್ಪತ್ತು ದಾಟಿದ ಮುದುಕ, ಎತ್ತಿನ ಲಾಳದ ಕಾಲದವನು.
ಕಂಬಿ ತಟ್ಟಲಿಲ್ಲ, ವೈಸು ಮುಟ್ಟಲಿಲ್ಲ,
ಬಲ್ಬು ಆರಿಸಿ, ಕಿಟಕಿಗೆ ಗೋಣಿಚೀಲ ತೂಗುಹಾಕಿದ.
‘ಬೆಳಕಲ್ಲಿ ಕೆಂಪು ಸುಳ್ಳು ಹೇಳ್ತದೆ ಕಣವ್ವ.’

ಇಷ್ಟೆಲ್ಲ ತಂದಿದ್ದೆ.
ಕತ್ತಲೆ ತರುವುದು ಮರೆತಿದ್ದೆ.

ಆ ಕತ್ತಲಲ್ಲಿ ಕಂಡದ್ದು: ಮೊದಲು ಹುಣಸೆಹಣ್ಣಿನ ಕಪ್ಪುಗೆಂಪು,
ಆಮೇಲೆ ಕುಂಕುಮ, ಆಮೇಲೆ ಮಾಗಿದ ಕಿತ್ತಳೆ ಸಿಪ್ಪೆ.
ಅಯಸ್ಕಾಂತ ಹಿಡಿದೇ ಇತ್ತು, ಹಿಡಿದೇ ಇತ್ತು,
ಇದ್ದಕ್ಕಿದ್ದಂತೆ ಕೈಬಿಟ್ಟಿತು.
‘ಈಗ!’ ಅಂದ.
ನಾನು ಆತುರಗಾರ್ತಿ, ನೀರಿಗೆ ಅದ್ದಿದೆ.
ಟಿಣ್.
ಒಂದು ಕೂದಲೆಳೆ ಬಿರುಕು, ಹಿಡಿಯಿಂದ ಬೆನ್ನಿನ ತನಕ.
ಆಚಾರಿ ಎಲೆಯಡಿಕೆ ಹಾಕಿಕೊಂಡ. ಬಯ್ಯಲಿಲ್ಲ.

ಎರಡನೆಯದನ್ನು ಅದ್ದಿದ್ದು ಬೋಂಡ ಕರಿದುಳಿದ ಎಣ್ಣೆಗೆ.
ಕೆ.ಜಿ. ಕೊಪ್ಪಲಿನ ಆ ಗಲ್ಲಿ ತುಂಬ ಘಮಲು.
ಮಹಡಿಯ ವನಜಾಕ್ಷಿ ಇಳಿದು ಬಂದಳು, ಕೈಯಲ್ಲಿ ತಟ್ಟೆ:
‘ಏನು ಕರೀತಿದ್ದೀರಿ?’
ಚಾಕು, ಅಂದೆ.
ನಕ್ಕವಳು, ತನ್ನ ಕೇಕಿನ ಓವನ್ನನ್ನೇ ಬಿಟ್ಟುಕೊಟ್ಟಳು.
ಇನ್ನೂರು ಡಿಗ್ರಿ, ಎರಡು ಗಂಟೆ.
ಶಾಲಿನ ಜೊತೆ ಬಂದ ಗಡಿಯಾರಕ್ಕೆ ಅಂದು ಮೊದಲ ಕೆಲಸ.
ಹೊರಗೆ ಬಂದಾಗ ಅಲಗಿನ ಮೇಲೆ
ಒಣ ಭತ್ತದ ಹುಲ್ಲಿನ ಬಣ್ಣ.

ಅರ, ಮರಳು ಕಾಗದ, ಸಾಣೆ, ಮೂರು ಸಂಜೆ.
ಬೀಟೆಯ ಹಿಡಿ ನನ್ನ ಜಡ್ಡಿನ ಅಳತೆಗೆ.

ಈರುಳ್ಳಿಯನ್ನು ಹೆಚ್ಚಿದೆ.
ಎರಡು, ಐದು, ಬುಟ್ಟಿಯಲ್ಲಿದ್ದಷ್ಟೂ.
ಕಣ್ಣು ಒದ್ದೆಯಾಗಲಿಲ್ಲ.
ಹಾಗಾದರೆ ಅಷ್ಟು ವರ್ಷ ನನ್ನನ್ನು ಅಳಿಸಿದ್ದು
ಈರುಳ್ಳಿಯಲ್ಲ,
ಮೊಂಡು ಚಾಕು ಜಜ್ಜುತ್ತಿದ್ದ ರಸ.
ಯಾರಿಗೆ ಹೇಳಲಿ ಇದನ್ನು, ಟೆಂಡರಿನವರಿಗೆ?

‘ಕೊಡು, ನೋಡೋಣ’ ಮನೆಯವರು ಕೈ ಚಾಚಿದರು.
ಕೈಯಿಂದ ಕೈಗೆ ಕತ್ತಿ ಕೊಟ್ಟರೆ ಜಗಳವಂತೆ.
ನೆಲದ ಮೇಲಿಟ್ಟೆ.
ಮಂಡಿನೋವಿನವರು,
ಗೋಡೆ ಹಿಡಿದು, ಬಗ್ಗಿ ಎತ್ತಿಕೊಂಡರು.