ಓರೆ ಸಾಲು

ಆಗಸ್ಟಿನ ಕೊನೆಯ ಸೋಮವಾರ, ಬೆಳಗಿನ ಐದೂವರೆ.
ಉತ್ತರ ಸಮುದ್ರ ಇನ್ನೂ ಕಂಬಳಿ ಹೊದ್ದೇ ಮಲಗಿತ್ತು.
ಶೆಡ್ಡಿನ ತಗಡು ಬಾಗಿಲು ಎಳೆಯುತ್ತ ಫಾರ್ಕರ್ ಅಂದ:
"ಇಶ್ಬೆಲ್, ಇವತ್ತು ಬೈಗುಳದ ಹಬ್ಬ.
ಹೊಟ್ಟೆ ತುಂಬ ತಿಂದು ಬಂದಿದ್ದೀಯಾ?"

ಬೇಸಿಗೆಯೆಲ್ಲ ಬಾಚಿ ಬಾಚಿ ಸಾಕಿದ ಹುಲ್ಲು,
ಬಾರ್ಲಿ ಕಾಳಿಗಿಂತ ಗಿಡ್ಡ.
ಅದರ ಮೇಲೆ ನಾನೀಗ ಯಂತ್ರ ನಡೆಸಬೇಕು.
ಟಕ್ ಟಕ್ ಟಕ್, ಟೊಳ್ಳು ಹಲ್ಲುಗಳು ಇಳಿದು
ಬೆರಳು ಗಾತ್ರದ ಮಣ್ಣಿನ ಬತ್ತಿಗಳನ್ನು
ಹಿಂದೆ ಹಿಂದೆ ಉಗುಳುತ್ತ ಹೋದವು.

ಒಂದನ್ನೆತ್ತಿ ಅಂಗೈಯಲ್ಲಿ ಮುರಿದ.
ಮೇಲೆ ಹಸಿರು ಟೋಪಿ. ಅದರಡಿ ಕಂದು ಚಾಪೆ:
ಸತ್ತ ಹುಲ್ಲು, ಸತ್ತ ಬೇರು, ಯಾರೂ ಗುಡಿಸದ ವರ್ಷಗಳು.
ಇನ್ನೂ ಕೆಳಗೆ ಕಾಡಿಗೆಯಂಥ ಗೆರೆ.
"ಮೂಸು."
ಕೊಳೆತ ಮೊಟ್ಟೆ.
"ಮೇಲೆ ಮಖಮಲ್ಲು, ಒಳಗೆ ಉಸಿರು ಕಟ್ಟಿದೆ.
ನಮ್ಮ ಕ್ಲಬ್ಬಿನ ಕಮಿಟಿಯ ಹಾಗೆ," ಅಂದ.
ನಗಲಿಲ್ಲ. ಬತ್ತಿಯನ್ನು ಜೇಬಿಗೆ ಹಾಕಿಕೊಂಡ.

ಹನ್ನೊಂದನೆಯ ಗ್ರೀನು ಕಡಲಿಗೇ ಅಂಟಿಕೊಂಡಿದೆ.
ಅಲ್ಲಿ ನಾನು ತಲೆಯೆತ್ತಬಾರದಿತ್ತು.
ಬಂಡೆಯ ಮೇಲೊಂದು ಸೀಲು
ರಜೆಗೆ ಬಂದ ಮಾವನ ಹಾಗೆ
ಹೊಟ್ಟೆ ಕೆರೆದುಕೊಳ್ಳುತ್ತಿತ್ತು.
ಎರಡೇ ಗಳಿಗೆ. ತಿರುಗಿ ನೋಡಿದರೆ
ನನ್ನ ಸಾಲು ಕುಡುಕನ ಹೆಜ್ಜೆ,
ನೆಟ್ಟಗೆ ಬಂದು, ವಾಲಿ, ನೆನಪಾಗಿ, ಮತ್ತೆ ನೆಟ್ಟಗೆ.
ಬರೆದದ್ದನ್ನು ಅಳಿಸಬಹುದು.
ತೂತಿಗೆ ರಬ್ಬರಿಲ್ಲ.

ಮರಳು ಬಂತು. ಗೂಡಿನಲ್ಲಿ ಒಣಗಿಸಿ ತಂದದ್ದು,
ಬೆರಳ ಸಂದಿಯಲ್ಲಿ ನೀರಿನಂತೆ ಜಾರುವಂಥದ್ದು.
ಅಳೆದೂ ಸುರಿದೂ ಎಂಬ ಮಾತು
ಅಕ್ಷರಶಃ ನಿಜವಾದ ಮಧ್ಯಾಹ್ನ.
ಬ್ರಷ್ ಕಟ್ಟಿದ ಚೌಕಟ್ಟು ಎಳೆಯುತ್ತ
ಸುತ್ತು, ಮತ್ತೊಂದು ಸುತ್ತು,
ಒಂದೊಂದು ತೂತಿನ ಬಾಯೂ ತುಂಬುವ ತನಕ.
ಅರೆ ತುಂಬಿದ ತೂತು ಹಲ್ಲುದುರಿದ ವಸಡು:
ಚೆಂಡು ಅಲ್ಲಿ ಎಡವುತ್ತದೆ,
ಆಡುವವರು ನಮ್ಮ ಮೇಲೆ ಬೀಳುತ್ತಾರೆ.

ಬಿದ್ದರು.
ದೂರಿನ ಪುಸ್ತಕದಲ್ಲಿ ಏಳು ಪುಟ, ಒಂದಕ್ಕೆ ಕಾಫಿ ಕಲೆ.
ದಂತವೈದ್ಯ ಲ್ಯಾಮಂಟ್ ಶೆಡ್ಡಿನ ತನಕ ಬಂದು ಕೇಳಿದ,
"ಚೆನ್ನಾಗಿ ಕಾಣೋದನ್ನ ಯಾಕ್ರೀ ಕೊರೀತೀರಿ?"
ಫಾರ್ಕರ್ ಅವನ ಮುಖವನ್ನೇ ನೋಡುತ್ತ ನಿಂತ,
ಬಹಳ ಹೊತ್ತು.
ಮಿಸೆಸ್ ಡಾಲ್ಗಾರ್ನೊ ಒಬ್ಬಳೇ, ಎಂಬತ್ತೊಂದರ ಮುದುಕಿ,
ಮರಳಿನ ಮೇಲೇ ಚೆಂಡು ತಳ್ಳಿ
"ಅಯ್ಯೋ, ಸಮುದ್ರಕ್ಕೆ ಬಂದ ಹಾಗಾಯ್ತು" ಎಂದು ಹೋದಳು.

ಮೂರು ವಾರದಲ್ಲಿ ಮರಳು ಮಾಯ.
ಹುಲ್ಲು ಕೂಡಿಕೊಂಡಿತು, ಲ್ಯಾಮಂಟ್ ಸುಮ್ಮನಾದ.
ಬಚಾವಾದೆ ಅಂದುಕೊಂಡೆ ನಾನೂ.

ಅಕ್ಟೋಬರಿನ ಇಬ್ಬನಿ ದೊಡ್ಡ ಚಾಡಿಕೋರ.
ತೂತಿದ್ದಲ್ಲೆಲ್ಲ ಹುಲ್ಲಿನ ಬಣ್ಣ ಒಂದು ಗುಟುಕು ಹೆಚ್ಚು,
ಗ್ರೀನಿನ ತುಂಬ ಹಸಿರು ದಾರದ ಹೊಲಿಗೆ,
ನಡುವೆ, ಊರಿಗೇ ಕಾಣುವ ಹಾಗೆ,
ಕಡಲ ಕಡೆ ವಾಲಿದ ನನ್ನ ಸಾಲು.

ಫಾರ್ಕರ್ ನೋಡಿದ. ಸಾಲು ತೋರಿಸಿದ ಕಡೆ ನೋಡಿದ.
ಬಂಡೆ ಖಾಲಿಯಿತ್ತು.
"ಸೀಲಾ?"
ಹೂಂ ಅಂದೆ.
"ನನ್ನದು ಹಡಗು. ಎಂಬತ್ತಮೂರು, ನಾಲ್ಕನೆಯ ಗ್ರೀನು.
ಕೆಂಪು ಚಿಮಣಿ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ."

ಆಮೇಲೆ ಗುಳಿ ಕೊರೆಯುವ ಸಲಾಕೆಯನ್ನು
ಸಾಲು ಬಾಗಿದ ಜಾಗದಲ್ಲೇ ಊರಿ, ತಿರುಚಿ,
ಒಂದು ಹಿಡಿ ನೆಲವನ್ನು ಮೇಲೆತ್ತಿದ.
ಮರಳಿನ ಬಿಳಿ ಕಂಬಗಳು. ಅವುಗಳೊಳಗೆ
ಬೇರು, ನೂಲಿನಷ್ಟು ತೆಳ್ಳಗೆ, ಗೇಣುದ್ದ,
ಸೀಲಿನ ಸುದ್ದಿಯೇ ತಿಳಿಯದೆ
ನೇರ ಕೆಳಕ್ಕೆ.

ನನ್ನ ಕೈಗಿಟ್ಟ. ಮೂಸಿದೆ.
ಏನೂ ಇಲ್ಲ. ಬರೀ ತಣ್ಣಗೆ.
ಅವನು ಬಾವುಟ ನೆಟ್ಟು
ಹನ್ನೆರಡನೆಯದರ ಕಡೆ ಹೊರಟಾಗಿತ್ತು.