ಮೊದಲ ಪ್ರೂಫು

ಬೆಟಗೇರಿಯ ಮಗ್ಗ ಇನ್ನೂ ಸದ್ದು ತೆಗೆದಿಲ್ಲ.
ಪಡಸಾಲಿಯೊಳಗ ಕುಂತು
ಬೆರಳ ತುದಿಗೆ ಸೂಜಿ ಚುಚ್ಚಿಕೊಳ್ತೀನಿ:
ಇನ್ನೂರಾ ಎಂಬತ್ತಾರು.

ಅಷ್ಟಽ. ಮೂರು ಅಂಕಿ.
ಆದರ ತಲಿಯೊಳಗ ಯಾವನೋ
ಪುಟಾಪೂರಾ ಅಚ್ಚು ಹಾಕೇಬಿಟ್ಟ:
ಮುಗೀತು. ಅಪ್ಪನ ಕಾಲು ಹೋದಂಗ ನಿಂದೂ.
ನಿನ್ನ ಕೈಲೆ ಏನೂ ಆಗೂದಿಲ್ಲ, ಹೊಟ್ಟಿಬಾಕ.

ನಲವತ್ತು ವರ್ಷ ಗದಗಿನ ಪ್ರೆಸ್ಸಿನೊಳಗ
ಮಂದಿ ತಪ್ಪು ತಿದ್ದಿದಾಂವ ನಾ.
ಸೀಸದ ಮೊಳೆ ಇದ್ದಾಗ ಉಲ್ಟಾ ಓದಿದೆ,
ಕಂಪ್ಯೂಟರ್ ಬಂದಮ್ಯಾಲೆ ಸೀದಾ.
ಒಂದು ಒತ್ತಕ್ಷರ ಕಳದ್ರ ರಾತ್ರಿ ನಿದ್ದಿ ಬರ್ತಿರಲಿಲ್ಲ.
ತಲಿಯೊಳಗಿನ ಈ ಹಾಳಿಗೆ ಮಾತ್ರ
ಓದಲಾರದನ ಸಹಿ ಹಾಕ್ಕೋತ ಬಂದೀನಿ.

ಜಿಲ್ಲಾ ಆಸ್ಪತ್ರೆಯ ಎಂಟನೇ ಖೋಲಿಯೊಳಗ
ಜುಬೇದಾ ಮೇಡಂ ಗುಳಿಗಿ ಬರೀಲಿಲ್ಲ,
ಅದು ಡಾಕ್ಟರ ಕೆಲಸ, ಬಿಡಬ್ಯಾಡ್ರಿ ಅಂದ್ರು.
ನೂರು ಪುಟದ ವಹಿ ಕೊಟ್ಟು ಕೇಳಿದ್ರು:
"ಮುಗೀತು ಅಂತ ಬರದಾಂವ ಯಾರ್ರಿ?
ಮೂಲ ಪ್ರತಿ ತೋರಿಸ್ತೀರೇನು?"

ನಕ್ಕೆ. ಆಮ್ಯಾಲೆ ನಗಲಿಲ್ಲ.
ಮೂಲ ಪ್ರತಿಯೊಳಗ ಇದ್ದದ್ದು ಇಷ್ಟಽ:
ಮಾಲಕರ ಕೂಡ ಜಗಳ.
ಸ್ಟೇಶನ್ ರೋಡಿನ ಬಂಡಿಯೊಳಗ ಎರಡು ಪ್ಲೇಟು ಮಿರ್ಚಿಬಜಿ,
ಮ್ಯಾಲೆ ಸಕ್ಕರಿ ಚಾ. ರಾತ್ರಿ ಗುಳಿಗಿ ಮರ್ತದ್ದು.
ಕೆಂಪು ಪೆನ್ನಿಲೆ "ಮುಗೀತು" ಹೊಡದುಹಾಕಿ
ಅಂಚಿನೊಳಗ ಬರದೆ: "ಇವತ್ತ ಹೆಚ್ಚೈತಿ."

ಒಂದು ಅಕ್ಷರ ತಪ್ಪಿದ್ರ
ಇಡೀ ಫಾರಂ ಕೆಡವತಾರೇನು?
ಚಿಮಟಿಗಿಲೆ ಆ ಒಂದು ಮೊಳೆ ಎತ್ತತಾರ.

ಈಗ ರೊಟ್ಟಿನೂ ಕರಡು ಓದಿದಂಗ ತಿಂತೀನಿ.
ಸುಟ್ಟ ಚುಕ್ಕಿ, ಅಂಚಿನ ಬಿರುಕು,
ಪುಂಡಿಪಲ್ಯದ ಹುಳಿ ನಾಲಿಗಿ ಬದಿಗೆ ಹತ್ತೂದು.
ಇಷ್ಟು ವರ್ಷ ಪೇಪರು ಓದ್ಕೋತ ನುಂಗಿದ್ದು
ಏನು ಹಂಗಾರ?
ದೇವಕ್ಕ ಬಾಗಲದಾಗ ನಿಂತು
"ತಪ್ಪು ಸಿಕ್ತೇನ್ರಿ?" ಅಂತಾಳ.

ದಿನಾ ಹಿಂಗಽ ಅಂತ ತಿಳೀಬ್ಯಾಡ್ರಿ.
ಮೊನ್ನೆ ಲಗ್ನಪತ್ರಿಕಿಯೊಳಗ "ಚಿ. ಕುಂ. ಸೌ. ಮಧು" ಅಂತಿತ್ತು,
"ಮೇಹ" ಎಲ್ಲಿ ಬಿಟ್ರು ಅಂತ ಹುಡುಕಿದೆ.
ಅದಽ ಲಗ್ನಕ್ಕ ಹೋಗಿ ಮೂರು ಜಿಲೇಬಿ ತಿಂದೆ.
ವಹಿಯೊಳಗ ಬರದೀನಿ: ಮೂರು.
ಮೊದಲನೇದರ ರುಚಿ ನೆನಪೈತಿ,
ಉಳದೆರಡರದು ಇಲ್ಲ.

ರಾತ್ರಿ ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡ್ಕೋತೀನಿ,
ದೇವಕ್ಕ ಮೊಬೈಲಿನ ಬೆಳಕು ಹಿಡೀತಾಳ.
ಉಲ್ಟಾ ಓದೂ ಹಳೇ ಚಟ ಉಪಯೋಗಕ್ಕ ಬಂತು.
ಎಡಗಾಲ ಕಿರಿಬೆರಳು ಮುಟ್ಟಿದ್ರ ಗೊತ್ತಾಗೂದಿಲ್ಲ.
ಹಳೇ ಅಚ್ಚುಗಾರ ತಲಿಯೊಳಗ ಮಷಿನ್ ಚಾಲೂ ಮಾಡ್ತಾನ.
ತಡಿ ಮಾರಾಯಾ, ಅಂತೀನಿ,
ಒಂದು ಉಸಿರು ತೊಗೊಂಡು, ಬಿಟ್ಟು,
ಬೆರಳಿನ ಹೆಸರಿನ ಮುಂದ ಪ್ರಶ್ನೆ ಚಿಹ್ನೆ ಹಾಕಿ ಬರೀತೀನಿ:
ಡಾಕ್ಟರಿಗೆ ತೋರಿಸೂದು. ಬುಧವಾರ.